ನಲಿಕಲಿ ಕೊಠಡಿಯ ಎರಡನೆಯ ಅವಧಿ: ಪೋಷಕರ ಪ್ರಶ್ನೆಗಳಿಗೆ ಉತ್ತರ

ದಸರಾ ರಜೆ ಮುಗಿದು ಶಾಲೆಗಳಲ್ಲಿ ಎರಡನೆಯ ಅವಧಿಯ ಕಲಿಕೆ ಆರಂಭವಾಗಿದೆ. ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ನಲಿಕಲಿ ಪದ್ಧತಿಯಲ್ಲಿ ಒಂದೇ ಕೊಠಡಿಯಲ್ಲಿ ಕುಳಿತು ಕಲಿಯುತ್ತಾರೆ. ಆ ಕೊಠಡಿಯಲ್ಲಿ ಈ ಅವಧಿಯಲ್ಲಿ ಏನು ನಡೆಯುತ್ತದೆ ಎಂಬ ಬಗ್ಗೆ ಪ್ರಶ್ನೆಗಳನ್ನು ಕಳುಹಿಸುವಂತೆ ಕಳೆದ ಸಂಚಿಕೆಯಲ್ಲಿ ಕೋರಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚು ಜನರಿಗೆ ಉಪಯೋಗವಾಗುವಂಥವನ್ನು ಆರಿಸಿಕೊಂಡು, ಪತ್ರ ಬರೆದವರ ಹೆಸರುಗಳನ್ನು ಬಿಟ್ಟು, ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನನ್ನ ಮೊಮ್ಮಗಳು ಒಂದನೆಯ ತರಗತಿಯಲ್ಲಿದ್ದಾಳೆ. ಶಾಲೆ ಆರಂಭವಾಗಿ ಇಷ್ಟು ತಿಂಗಳಾದರೂ ಅವಳಿಗೆ ಅ ಆ ಇ ಈ ಕ್ರಮವಾಗಿ ಬರುವುದಿಲ್ಲ. ಕೇಳಿದರೆ ‘ರ ಗ ಸ ದ ಅ’ ಎನ್ನುತ್ತಾಳೆ. ನಮ್ಮ ಕಾಲದಲ್ಲಿ ವರ್ಣಮಾಲೆಯನ್ನು ತಿದ್ದಿಸದೆ ಮುಂದಕ್ಕೆ ಹೋಗುತ್ತಿರಲಿಲ್ಲ. ಇದು ಸರಿಯೇ? (ತುಮಕೂರು ಜಿಲ್ಲೆಯಿಂದ ಒಬ್ಬ ಅಜ್ಜ)

ಉತ್ತರ: ನಿಮ್ಮ ಮೊಮ್ಮಗಳು ಹೇಳುತ್ತಿರುವುದು ಸರಿಯಾದ ಕ್ರಮವೇ, ಯಜಮಾನರೇ. ನಲಿಕಲಿಯಲ್ಲಿ ಅಕ್ಷರಗಳನ್ನು ಪರಿಚಯಿಸುವುದು ವರ್ಣಮಾಲೆಯ ಸಾಲಿನಲ್ಲಿ ಅಲ್ಲ, ಗುಂಪುಗಳಲ್ಲಿ. ಮೊದಲ ಗುಂಪು ರ, ಗ, ಸ, ದ, ಅ. ಅದರ ನಂತರದ್ದು ಜ, ವ, ಮ, ಬ, ನ. ಹೀಗೆ ಜೋಡಿಸಿರುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಬರವಣಿಗೆಗೆ ಸಂಬಂಧಿಸಿದ್ದು. ದುಂಡಗೆ ತಿರುಗಿಸಿ ಬರೆಯಬಹುದಾದ ಸರಳ ಆಕಾರಗಳು ಮೊದಲು ಬಂದರೆ, ಇನ್ನೂ ಬಳಪ ಹಿಡಿಯಲು ಕಲಿಯುತ್ತಿರುವ ಆರು ವರ್ಷದ ಕೈಗೆ ಅವು ಒಗ್ಗುತ್ತವೆ. ‘ವ’ ಬರೆಯಲು ಬಂದ ಮಗುವಿಗೆ ‘ಮ’ ದೂರವಿಲ್ಲ. ಎರಡನೆಯದು ಇದಕ್ಕಿಂತ ಮುಖ್ಯವಾದದ್ದು. ಮೊದಲ ಗುಂಪಿನ ಐದೇ ಅಕ್ಷರಗಳನ್ನು ಕಲಿತ ಮಗು ಸರ, ರಸ, ದರ, ಅರಸ, ಅಗಸ, ದಸರ, ಗರಗಸ ಎಂಬ ಪದಗಳನ್ನು ತಾನೇ ಕೂಡಿಸಿ ಓದಬಲ್ಲದು. ಎರಡನೆಯ ಗುಂಪು ಸೇರಿದರೆ ಮರ, ಜನ, ದನ, ಮಗ, ಗಜ, ವನ, ನಗರ, ಬಸವ ಎಲ್ಲವೂ ಬರುತ್ತವೆ, ‘ಬಸವನ ದನ’, ‘ಅರಸನ ಗಜ’ ಎಂಬ ಸಣ್ಣ ಪದಪುಂಜಗಳೂ ಬರುತ್ತವೆ.

ವರ್ಣಮಾಲೆಯ ಕ್ರಮದಲ್ಲಿ ಹೊರಟರೆ ಮಗು ಮೊದಲು 13 ಸ್ವರಗಳನ್ನು ದಾಟಬೇಕು. ಕನ್ನಡದಲ್ಲಿ ಸ್ವರಾಕ್ಷರವು ಬಹುಮಟ್ಟಿಗೆ ಪದದ ಆರಂಭದಲ್ಲಿ ಮಾತ್ರ ಕಾಣಿಸಿಕೊಳ್ಳುವುದರಿಂದ, ಅಷ್ಟನ್ನೂ ಕಲಿತ ಮೇಲೂ ಓದುವುದಕ್ಕೆ ‘ಆ’, ‘ಈ’ಗಳ ಹೊರತು ಹೆಚ್ಚೇನೂ ಸಿಗುವುದಿಲ್ಲ. ಒಂದು ಪದವನ್ನು ತಾನೇ ಓದಿ ಅದರ ಅರ್ಥವನ್ನು ಕಂಡುಕೊಂಡ ಮಗುವಿನ ಉತ್ಸಾಹವನ್ನು ನೋಡಿದವರಿಗೆ, ಆ ಅನುಭವವನ್ನು ತಿಂಗಳುಗಟ್ಟಲೆ ಮುಂದೂಡುವುದು ನ್ಯಾಯವೆನಿಸುವುದಿಲ್ಲ. ನಾನು ಈ ಕ್ರಮವನ್ನು ಮನಸಾರೆ ಬೆಂಬಲಿಸುತ್ತೇನೆ.

ಹಾಗೆಂದು ವರ್ಣಮಾಲೆಯನ್ನು ಕೈಬಿಟ್ಟಿಲ್ಲ. ಕ ಖ ಗ ಘ ಙ ಗಂಟಲಿನಿಂದ, ಪ ಫ ಬ ಭ ಮ ತುಟಿಗಳಿಂದ ಹುಟ್ಟುವ ಧ್ವನಿಗಳು ಎಂಬ ಆ ಜೋಡಣೆ ಬಹಳ ಶಾಸ್ತ್ರೀಯವಾದದ್ದು. ಎಲ್ಲ 49 ಅಕ್ಷರಗಳ ಪರಿಚಯವಾದ ಮೇಲೆ ಮಗು ಅದನ್ನು ಕಲಿಯುತ್ತದೆ, ಮುಂದೆ ನಿಘಂಟು ನೋಡುವಾಗ ಅದು ಬೇಕಾಗುತ್ತದೆ. ಮನೆಯಲ್ಲಿ ನೀವು ವರ್ಣಮಾಲೆಯನ್ನು ಬಾಯಿಪಾಠವಾಗಿ ಹೇಳಿಕೊಟ್ಟರೆ ತೊಂದರೆಯೇನೂ ಇಲ್ಲ. ಆದರೆ ಶಾಲೆಯಲ್ಲಿ ಇನ್ನೂ ಬಾರದ ಅಕ್ಷರಗಳನ್ನು ಸಾಲುಸಾಲಾಗಿ ತಿದ್ದಿಸುವುದಕ್ಕಿಂತ, ಪತ್ರಿಕೆಯ ದಪ್ಪ ಅಕ್ಷರದ ಶೀರ್ಷಿಕೆಯನ್ನು ಮುಂದಿಟ್ಟು ‘ಇದರಲ್ಲಿ ಸ ಎಲ್ಲಿದೆ, ಗ ಎಲ್ಲಿದೆ’ ಎಂದು ಹುಡುಕಿಸುವುದು ಹೆಚ್ಚು ಫಲ ಕೊಡುತ್ತದೆ.

ಪ್ರಶ್ನೆ: ಮಗನ ಶಾಲೆಗೆ ಹೋಗಿದ್ದಾಗ ಮಕ್ಕಳು ನೆಲದ ಮೇಲೆ ಐದು ಗುಂಪುಗಳಾಗಿ ಕುಳಿತಿದ್ದರು. ಟೀಚರ್ ಒಂದೇ ಗುಂಪಿನೊಂದಿಗೆ ಇದ್ದರು, ಉಳಿದವರು ತಮ್ಮಷ್ಟಕ್ಕೆ ತಾವು ಕಾರ್ಡು ಹಿಡಿದುಕೊಂಡಿದ್ದರು. ಎರಡನೆಯ ತರಗತಿಯ ನನ್ನ ಮಗ ಮೂರನೆಯ ತರಗತಿಯ ಹುಡುಗಿಯಿಂದ ಪಾಠ ಹೇಳಿಸಿಕೊಳ್ಳುತ್ತಿದ್ದ. ಹೀಗಾದರೆ ಟೀಚರ್ ಪಾಠ ಮಾಡುವುದು ಯಾವಾಗ? (ಹಾಸನ ಜಿಲ್ಲೆಯಿಂದ ಒಬ್ಬ ತಂದೆ)

ಉತ್ತರ: ನೀವು ಕಂಡದ್ದು ಪಾಠದ ಮಧ್ಯದ ದೃಶ್ಯವನ್ನೇ. ಆ ಗುಂಪುಗಳನ್ನು ಮಕ್ಕಳು ‘ತಟ್ಟೆ’ ಎಂದು ಕರೆಯುತ್ತಾರೆ. ಒಂದನೆಯ ತಟ್ಟೆಯವರಿಗೆ ಶಿಕ್ಷಕರ ಪೂರ್ಣ ನೆರವು ಬೇಕು, ಏಕೆಂದರೆ ಅವರು ಹೊಸ ವಿಷಯವನ್ನು ಆಗ ತಾನೇ ಆರಂಭಿಸಿರುತ್ತಾರೆ. ಎರಡನೆಯವರಿಗೆ ಶಿಕ್ಷಕರ ಸ್ವಲ್ಪ ನೆರವು ಸಾಕು. ಮೂರನೆಯ ಮತ್ತು ನಾಲ್ಕನೆಯ ತಟ್ಟೆಗಳಲ್ಲಿ ಸಹಪಾಠಿಗಳ ನೆರವಿನಿಂದ ಅಭ್ಯಾಸ ನಡೆಯುತ್ತದೆ, ಐದನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಒಂದು ಚಟುವಟಿಕೆ ಮುಗಿದಂತೆ ಮಗು ಮುಂದಿನ ಕಾರ್ಡಿಗೆ ಹೋಗುತ್ತದೆ, ಆ ಕಾರ್ಡಿನ ಮೇಲಿರುವ ಲೋಗೋ ಚಿತ್ರವೇ ಅದು ಯಾವ ತಟ್ಟೆಗೆ ಹೋಗಿ ಕೂರಬೇಕೆಂಬುದನ್ನು ತಿಳಿಸುತ್ತದೆ. ಆದ್ದರಿಂದ ಇಂದು ನಿಮ್ಮ ಮಗನಿಂದ ದೂರವಿದ್ದಂತೆ ಕಂಡ ಶಿಕ್ಷಕರು ನಾಳೆ ಅವನ ಪಕ್ಕದಲ್ಲೇ ಇರುತ್ತಾರೆ.

ಗೋಡೆಯ ಮೇಲೆ ತೂಗುಹಾಕಿರುವ ಕಲಿಕಾ ಏಣಿಯನ್ನು ಮುಂದಿನ ಸಲ ಗಮನವಿಟ್ಟು ನೋಡಿ. ವರ್ಷದ ಕಲಿಕೆಯನ್ನು ಅದರಲ್ಲಿ ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಜೋಡಿಸಿ, ಕೆಲವು ಮೆಟ್ಟಿಲುಗಳಿಗೊಂದು ಮೈಲಿಗಲ್ಲನ್ನು ಇಟ್ಟಿರುತ್ತಾರೆ. ಪ್ರತಿ ಮಗುವೂ ತನ್ನ ಮೆಟ್ಟಿಲನ್ನು ತಾನೇ ತೋರಿಸಬಲ್ಲದು. ‘ಯಾವ ಪಾಠ ನಡೆಯುತ್ತಿದೆ’ ಎಂಬ ಪ್ರಶ್ನೆಗೆ ಈ ಕೊಠಡಿಯಲ್ಲಿ ಎಲ್ಲರಿಗೂ ಹೊಂದುವ ಒಂದೇ ಉತ್ತರ ಇರುವುದಿಲ್ಲ. ‘ನನ್ನ ಮಗು ಯಾವ ಮೈಲಿಗಲ್ಲಿನಲ್ಲಿದೆ, ಮುಂದಿನದಕ್ಕೆ ಹೋಗಲು ಏನು ಬರಬೇಕು’ ಎಂದು ಕೇಳಿದರೆ ಶಿಕ್ಷಕರು ನಿಖರವಾಗಿ ಹೇಳಬಲ್ಲರು. ಪೋಷಕರು ರೂಢಿಸಿಕೊಳ್ಳಬೇಕಾದ ಪ್ರಶ್ನೆ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ದೊಡ್ಡ ಹುಡುಗಿಯೊಬ್ಬಳು ನಿಮ್ಮ ಮಗನಿಗೆ ಹೇಳಿಕೊಡುತ್ತಿದ್ದುದರಿಂದ ಅವಳಿಗೂ ನಷ್ಟವಿಲ್ಲ, ಏಕೆಂದರೆ ಇನ್ನೊಬ್ಬರಿಗೆ ವಿವರಿಸುವಾಗ ಅವಳ ತಿಳಿವಳಿಕೆ ಗಟ್ಟಿಯಾಗುತ್ತದೆ. ಈ ಪದ್ಧತಿ ಎಲ್ಲಿಂದಲೋ ಏಕಾಏಕಿ ಬಂದುದಲ್ಲ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ, ಯುನಿಸೆಫ್ ನೆರವಿನೊಂದಿಗೆ, ಆಂಧ್ರಪ್ರದೇಶದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಬಹುತರಗತಿ ಕಲಿಕೆಯನ್ನು ಕಂಡುಬಂದ ನಮ್ಮ ಸರ್ಕಾರಿ ಶಾಲೆಯ ಶಿಕ್ಷಕರೇ ಇದನ್ನು ರೂಪಿಸಿದರು. 2009-10ರಲ್ಲಿ ಒಂದು ಮತ್ತು ಎರಡನೆಯ ತರಗತಿಗಳಿಗೆ, ಮರುವರ್ಷ ಮೂರನೆಯ ತರಗತಿಗೆ ಇದು ರಾಜ್ಯದಾದ್ಯಂತ ವಿಸ್ತರಿಸಿತು. ಇದಕ್ಕೆ ಮಿತಿಗಳೂ ಇವೆ. ಮಕ್ಕಳ ಸಂಖ್ಯೆ ಮೂವತ್ತನ್ನು ಬಹಳ ಮೀರಿದರೆ, ಅಥವಾ ಶಿಕ್ಷಕರನ್ನು ಬೇರೆ ಬೇರೆ ಕೆಲಸಗಳಿಗೆ ಪದೇ ಪದೇ ಕಳುಹಿಸಿದರೆ, ಐದು ತಟ್ಟೆಗಳೂ ಸಡಿಲಗೊಳ್ಳುತ್ತವೆ. ನಿಮ್ಮ ಶಾಲೆಯಲ್ಲಿ ಅಂಥ ಪರಿಸ್ಥಿತಿ ಇದ್ದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಅದನ್ನು ಪ್ರಸ್ತಾಪಿಸುವುದು ಪೋಷಕರ ಹಕ್ಕು.

ಪ್ರಶ್ನೆ: ಮಗಳು ಎರಡನೆಯ ತರಗತಿ. ಈ ಅವಧಿ ಮುಗಿಯುವಷ್ಟರಲ್ಲಿ ಅವಳಿಗೆ ಕನ್ನಡದಲ್ಲಿ ಏನೇನು ಬರಬೇಕು? ಈಗ ‘ಅಕ್ಕ’ ಎಂಬುದನ್ನು ‘ಅಕಕ’ ಎಂದು ಓದುತ್ತಾಳೆ. ದಿನವೂ ಎರಡು ಪುಟ ಕಾಪಿ ಬರೆಸುತ್ತಿದ್ದೇನೆ. (ದಾವಣಗೆರೆಯಿಂದ ಒಬ್ಬ ತಾಯಿ)

ಉತ್ತರ: ನಿಮ್ಮ ಮಗಳು ಈ ಅವಧಿಯ ಮುಖ್ಯ ಕಲಿಕೆಯ ಹೊಸ್ತಿಲಲ್ಲೇ ಇದ್ದಾಳೆ. ಮೂಲಾಕ್ಷರಗಳೂ ಕಾಗುಣಿತವೂ ಸಾಮಾನ್ಯವಾಗಿ ಈ ಹೊತ್ತಿಗೆ ಕೈಗೆ ಬಂದು, ಎರಡನೆಯ ತರಗತಿಯ ಮಕ್ಕಳು ಒತ್ತಕ್ಷರದ ಕಡೆಗೆ ಸಾಗುತ್ತಿರುತ್ತಾರೆ. ಮೊದಲಿಗೆ ಬರುವುದು ಸಜಾತೀಯ ಒತ್ತಕ್ಷರ, ಅಂದರೆ ಅಕ್ಕ, ಅಪ್ಪ, ಹಗ್ಗ, ಬೆಕ್ಕು, ಎಮ್ಮೆ, ಕಣ್ಣು ಮುಂತಾದ ಮನೆಯ ಪದಗಳು. ಆಮೇಲೆ ಪುಸ್ತಕ, ಚಂದ್ರ, ವಸ್ತು ಎಂಬಂಥ ವಿಜಾತೀಯ ಒತ್ತಕ್ಷರಗಳು.

‘ಅಕಕ’ ಎಂದು ಓದುವ ಮಗು ಒತ್ತಿನ ಗುರುತನ್ನು ಪೂರ್ಣಾಕ್ಷರವೆಂದು ಭಾವಿಸಿದೆ. ಅದು ‘ಕ’ದ ಒತ್ತು ಎಂಬುದನ್ನು ಗುರುತಿಸಿರುವುದೇ ಅರ್ಧ ಕೆಲಸ, ಮೇಲಿನ ‘ಕ’ದ ‘ಅ’ಕಾರ ಅಲ್ಲಿ ಬಿಟ್ಟುಹೋಗುತ್ತದೆ ಎಂಬುದು ಮಾತ್ರ ಬಾಕಿ ಇದೆ. ಇದನ್ನು ವಿವರಿಸಿ ಹೇಳಿದರೆ ಏಳು ವರ್ಷದ ಮಗುವಿಗೆ ತಿಳಿಯುವುದಿಲ್ಲ, ಕಿವಿಯಿಂದ ತಿಳಿಯುತ್ತದೆ. ಕತೆ ಮತ್ತು ಕತ್ತೆ, ಬಳಿ ಮತ್ತು ಬಳ್ಳಿ, ಎಲೆ ಮತ್ತು ಎಲ್ಲೆ ಎಂಬ ಜೋಡಿಗಳನ್ನು ನೀವು ನಿಧಾನವಾಗಿ ಹೇಳಿ, ಚೀಟಿಗಳಲ್ಲಿ ಬರೆದಿಟ್ಟ ಪದಗಳಲ್ಲಿ ಯಾವುದು ಯಾವುದೆಂದು ಅವಳೇ ಆರಿಸಲಿ. ಒತ್ತಕ್ಷರದಲ್ಲಿ ನಾಲಿಗೆ ಒಂದು ಕ್ಷಣ ತಡೆದು ಮುಂದೆ ಹೋಗುವುದನ್ನು ಅವಳು ಬೇಗನೆ ಹಿಡಿಯುತ್ತಾಳೆ. ಅನೇಕ ಒತ್ತುಗಳು ಮೂಲಾಕ್ಷರವನ್ನೇ ಹೋಲುತ್ತವೆ, ತಲೆಕಟ್ಟು ಮಾತ್ರ ಇರುವುದಿಲ್ಲ. ಆದರೆ ತ, ನ, ಮ, ಯ, ರ, ಲ ಈ ಆರರ ಒತ್ತುಗಳು ಮೂಲಾಕ್ಷರಕ್ಕಿಂತ ಬೇರೆಯಾಗಿಯೇ ಕಾಣುತ್ತವೆ. ಮಕ್ಕಳು ಹೆಚ್ಚು ಎಡವುವುದು ಇಲ್ಲೇ ಆದ್ದರಿಂದ, ಇವಿಷ್ಟಕ್ಕೆ ಪ್ರತ್ಯೇಕ ಅಭ್ಯಾಸ ಬೇಕಾಗುತ್ತದೆ.

ಎರಡು ಪುಟದ ಕಾಪಿಯನ್ನು ದಯವಿಟ್ಟು ನಿಲ್ಲಿಸಿ. ನೋಡಿಕೊಂಡು ಬರೆಯುವಾಗ ಮಗು ಆಕಾರವನ್ನು ನಕಲು ಮಾಡುತ್ತದೆಯೇ ಹೊರತು ಪದವನ್ನು ಓದುವುದಿಲ್ಲ. ನಾಲ್ಕನೆಯ ಸಾಲಿಗೆ ಬರುವಷ್ಟರಲ್ಲಿ ಮೇಲಿನ ಸಾಲಿನ ತಪ್ಪೇ ಕೆಳಗಿನ ಸಾಲಿಗೂ ಇಳಿದಿರುತ್ತದೆ. ಅದರ ಬದಲು ಸಂತೆಗೆ ಹೋಗುವ ಮುನ್ನ ಬೇಕಾದ ಸಾಮಾನುಗಳನ್ನು ನೀವು ಹೇಳಿ, ಅವಳು ಬರೆಯಲಿ. ಬೆಲ್ಲ, ಅಕ್ಕಿ, ಉಪ್ಪು, ಬೆಳ್ಳುಳ್ಳಿ, ಕೊತ್ತಂಬರಿ: ನಮ್ಮ ಅಡುಗೆಮನೆಯ ಸಾಮಾನಿನಲ್ಲಿ ಒತ್ತಕ್ಷರಕ್ಕೆ ಬರವಿಲ್ಲ.

ಈಗ ನಿಮ್ಮ ಪ್ರಶ್ನೆಯ ಮೊದಲ ಭಾಗ. ಮೂರನೆಯ ತರಗತಿ ಮುಗಿಸುವ ಪ್ರತಿ ಮಗುವಿಗೂ ಅರ್ಥಸಹಿತ ಓದು ಮತ್ತು ಮೂಲ ಗಣಿತ ಬಂದಿರಬೇಕೆಂಬ ಗುರಿಯನ್ನಿಟ್ಟುಕೊಂಡು 2021ರ ಜುಲೈ ತಿಂಗಳಲ್ಲಿ ಆರಂಭವಾದ ರಾಷ್ಟ್ರೀಯ ನಿಪುಣ್ ಭಾರತ್ ಕಾರ್ಯಕ್ರಮವು, ಎರಡನೆಯ ತರಗತಿಯ ಅಂತ್ಯಕ್ಕೆ ನಿಮಿಷಕ್ಕೆ 45ರಿಂದ 60 ಪದಗಳನ್ನು ಸರಾಗವಾಗಿ ಓದಬೇಕೆಂದು ಹೇಳುತ್ತದೆ. ಈ ಅಂಕಿಯನ್ನು ಹಿಡಿದು ಮನೆಯಲ್ಲಿ ಗಡಿಯಾರ ನೋಡಬೇಡಿ. ‘ಮನೆಯಲ್ಲಿದ್ದವರೆಲ್ಲರೂ’ ಎಂಬುದು ನಮ್ಮ ಭಾಷೆಯಲ್ಲಿ ಒಂದೇ ಪದ. ಇಂಥ ಪದಗಳಿರುವ ವಾಕ್ಯವನ್ನು ವೇಗದಿಂದ ಅಳೆಯುವುದು ಕಷ್ಟ. ಪರಿಚಿತ ವಿಷಯದ ನಾಲ್ಕಾರು ಸಾಲುಗಳನ್ನು ತಡವರಿಸದೆ ಓದಿ, ಓದಿದ್ದನ್ನು ತನ್ನ ಮಾತಿನಲ್ಲಿ ಹೇಳಿದರೆ ಅವಳು ಸರಿಯಾದ ಸ್ಥಾನದಲ್ಲಿದ್ದಾಳೆಂದು ತಿಳಿಯಿರಿ.

ಪ್ರಶ್ನೆ: ನಮ್ಮ ಹುಡುಗ ‘ಹಾಲು’ ಎಂಬುದನ್ನು ‘ಆಲು’ ಎಂದು, ‘ಹಕ್ಕಿ’ಯನ್ನು ‘ಅಕ್ಕಿ’ ಎಂದು ಬರೆಯುತ್ತಾನೆ. ಮನೆಯಲ್ಲಿ ನಾವೆಲ್ಲರೂ ಹಾಗೆಯೇ ಮಾತನಾಡುವುದು. ನಾವು ಮಾತನ್ನು ಬದಲಾಯಿಸಿಕೊಳ್ಳಬೇಕೇ? (ಮಂಡ್ಯ ಜಿಲ್ಲೆಯಿಂದ ಒಬ್ಬ ತಂದೆ)

ಉತ್ತರ: ಬೇಕಿಲ್ಲ. ಹುಡುಗ ತನ್ನ ಕಿವಿಗೆ ಬಿದ್ದ ಧ್ವನಿಗೆ ಸರಿಯಾದ ಅಕ್ಷರವನ್ನೇ ಹುಡುಕಿ ಬರೆದಿದ್ದಾನೆ. ಅಂದರೆ ಧ್ವನಿಗೂ ಅಕ್ಷರಕ್ಕೂ ಇರುವ ಸಂಬಂಧ ಅವನಿಗೆ ಚೆನ್ನಾಗಿ ತಿಳಿದಿದೆ, ಇದು ಸಣ್ಣ ಸಂಗತಿಯಲ್ಲ. ಮನೆಯ ಮಾತು ತಪ್ಪು ಎಂದು ಅವನಿಗೆ ಹೇಳಿದರೆ, ಅವನು ತರಗತಿಯಲ್ಲಿ ಬಾಯಿ ಬಿಡುವುದನ್ನೇ ಕಡಿಮೆ ಮಾಡುತ್ತಾನೆ. ‘ನಾವು ಮನೆಯಲ್ಲಿ ಹೀಗೆ ಹೇಳುತ್ತೇವೆ, ಪುಸ್ತಕದಲ್ಲಿ ಹೀಗೆ ಬರೆಯುತ್ತಾರೆ’ ಎಂದು ಎರಡನ್ನೂ ಪಕ್ಕಪಕ್ಕದಲ್ಲಿ ತೋರಿಸಿ. ‘ಹ’ಕಾರದ ಪದಗಳನ್ನು ಕಣ್ಣಿನಿಂದ ಮತ್ತೆ ಮತ್ತೆ ನೋಡಿ ನೆನಪಿನಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ. ಹಾಲಿನ ಪೊಟ್ಟಣ, ಹೋಟೆಲಿನ ಹಲಗೆ, ‘ಹಾಸನ’ ಎಂದು ಬರೆದ ಬಸ್ಸಿನ ನಾಮಫಲಕ, ಇವೆಲ್ಲ ಆ ಕೆಲಸಕ್ಕೆ ಒದಗುತ್ತವೆ. ಶ ಮತ್ತು ಸ, ಲ ಮತ್ತು ಳ, ಅಲ್ಪಪ್ರಾಣ ಮತ್ತು ಮಹಾಪ್ರಾಣಗಳ ಗೊಂದಲವೂ ಇದೇ ಬಗೆಯದು. ಮೂರನೆಯ ತರಗತಿ ಮುಗಿಯುವವರೆಗೂ ಇವು ಉಳಿದುಕೊಂಡಿದ್ದರೆ ಗಾಬರಿಪಡಬೇಕಾಗಿಲ್ಲ.

ಪ್ರಶ್ನೆ: ಮೂರನೆಯ ತರಗತಿಯ ಮಗ 52ರಲ್ಲಿ 38 ಕಳೆದು 26 ಎಂದು ಬರೆದುಕೊಂಡು ಬಂದಿದ್ದಾನೆ. ‘ಪಕ್ಕದ ಮನೆಯಿಂದ ಒಂದು ಸಾಲ ತೆಗೆದುಕೋ’ ಎಂದು ನಾನು ಕಲಿತಂತೆಯೇ ಹೇಳಿಕೊಟ್ಟೆ. ಆ ದಿನ ಸರಿಯಾಗಿ ಮಾಡಿದ, ಮರುದಿನ ಮತ್ತೆ 26. (ಶಿವಮೊಗ್ಗ ಜಿಲ್ಲೆಯಿಂದ ಒಬ್ಬ ತಾಯಿ)

ಉತ್ತರ: ಈ ತಪ್ಪಿನ ಒಳಗೆ ಒಂದು ತರ್ಕವಿದೆ, ಅದನ್ನು ಮೊದಲು ಗಮನಿಸಿ. ‘ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು’ ಎಂಬ ಮಾತನ್ನು ಹುಡುಗ ನಿಷ್ಠೆಯಿಂದ ಪಾಲಿಸಿದ್ದಾನೆ. ಬಿಡಿಯ ಸ್ಥಾನದಲ್ಲಿ 8 ದೊಡ್ಡದು, 2 ಚಿಕ್ಕದು, ಆದ್ದರಿಂದ 6. ಹತ್ತರ ಸ್ಥಾನದಲ್ಲಿ 5ರಿಂದ 3 ಕಳೆದು 2. ಅವನ ಕಣ್ಣಿಗೆ 52 ಎಂಬುದು ಐವತ್ತೆರಡು ವಸ್ತುಗಳಾಗಿ ಕಾಣದೆ 5 ಮತ್ತು 2 ಎಂಬ ಎರಡು ಬೇರೆ ಬೇರೆ ಅಂಕಿಗಳಾಗಿ ಕಾಣುತ್ತಿದೆ. ಹೀಗಿರುವಾಗ ಪಕ್ಕದ ಮನೆಯ ಸಾಲವು ಅವನಿಗೆ ಒಂದು ಮಂತ್ರದಂತೆ ಕೇಳುತ್ತದೆ. ಆ ಸಾಲ ಒಂದೇ ಆಗಿದ್ದರೂ ಬಂದ ಮೇಲೆ ಹತ್ತು ಆಗುವುದೇಕೆ, ಅದನ್ನು ಹಿಂದಿರುಗಿಸುವುದಿಲ್ಲವೇಕೆ ಎಂದು ಅವನು ಕೇಳಿದರೆ ನಮ್ಮಲ್ಲಿಯೂ ಉತ್ತರವಿಲ್ಲ.

ಶಾಲೆಯಲ್ಲಿ ಇದನ್ನು ಕಡ್ಡಿಗಳ ಕಟ್ಟಿನಿಂದ ಕಲಿಸುತ್ತಾರೆ, ಮನೆಯಲ್ಲಿಯೂ ಅದೇ ವಿಧಾನ ಸಾಕು. ಪೊರಕೆ ಕಡ್ಡಿಗಳನ್ನು ಮುರಿದು ಹತ್ತು ಹತ್ತರ ಐದು ಕಟ್ಟುಗಳನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿಸಿ, ಪಕ್ಕದಲ್ಲಿ ಎರಡು ಬಿಡಿ ಕಡ್ಡಿಗಳನ್ನು ಇಡಿಸಿ. ಈಗ ಮೂವತ್ತೆಂಟು ಕಡ್ಡಿ ಕೊಡು ಎಂದು ಕೇಳಿ. ಮೂರು ಕಟ್ಟುಗಳನ್ನು ಅವನು ಸುಲಭವಾಗಿ ಕೊಡುತ್ತಾನೆ, ಎಂಟು ಬಿಡಿ ಕಡ್ಡಿಗಳನ್ನು ಕೇಳಿದಾಗ ಎರಡೇ ಇರುವುದನ್ನು ಕಂಡು ತಡೆಯುತ್ತಾನೆ. ನೀವು ಏನೂ ಹೇಳಬೇಡಿ. ಸ್ವಲ್ಪ ಹೊತ್ತಿನಲ್ಲಿ ಅವನೇ ಒಂದು ಕಟ್ಟನ್ನು ಬಿಚ್ಚುತ್ತಾನೆ, ಆಗ ಎರಡಿದ್ದ ಬಿಡಿ ಕಡ್ಡಿಗಳು ಹನ್ನೆರಡಾಗುತ್ತವೆ. ಎಂಟನ್ನು ಕೊಟ್ಟ ಮೇಲೆ ಅವನ ಮುಂದೆ ಒಂದು ಕಟ್ಟು, ನಾಲ್ಕು ಬಿಡಿ ಕಡ್ಡಿ, ಅಂದರೆ 14 ಉಳಿಯುತ್ತದೆ. ಇದನ್ನು ಕೆಲವು ದಿನ ಬೇರೆ ಬೇರೆ ಸಂಖ್ಯೆಗಳಿಂದ ಮಾಡಿಸಿ, ಆಮೇಲೆ ಪುಸ್ತಕದಲ್ಲಿ ಅಂಕಿಗಳ ಮೇಲೆ ಗೆರೆ ಎಳೆದು 4 ಮತ್ತು 12 ಎಂದು ಬರೆಯುವುದನ್ನು ಆ ಬಿಚ್ಚಿದ ಕಟ್ಟಿಗೆ ಜೋಡಿಸಿ. ಹತ್ತು ರೂಪಾಯಿ ನೋಟು ಮತ್ತು ಒಂದು ರೂಪಾಯಿ ನಾಣ್ಯಗಳಿಂದಲೂ ಇದನ್ನೇ ಮಾಡಬಹುದು. ಆದರೆ ನೋಟನ್ನು ಬಿಚ್ಚಲಾಗುವುದಿಲ್ಲ, ಚಿಲ್ಲರೆ ಮಾಡಿಸಬೇಕು; ಆದ್ದರಿಂದ ಕಡ್ಡಿಗಳ ನಂತರ ಅದು ಬರಲಿ.

ಉತ್ತರವನ್ನು ತಾನೇ ಪರೀಕ್ಷಿಸಿಕೊಳ್ಳುವ ಅಭ್ಯಾಸವೂ ಈ ಅವಧಿಯಲ್ಲಿ ಆಗಬೇಕಾದದ್ದು. 26ಕ್ಕೆ 38 ಕೂಡಿಸಿ ನೋಡು ಎಂದರೆ 64 ಬರುತ್ತದೆ, ಐವತ್ತೆರಡು ಇದ್ದದ್ದು ಅರವತ್ತನಾಲ್ಕು ಆಗಲು ಸಾಧ್ಯವಿಲ್ಲವೆಂಬುದು ಅವನಿಗೇ ಹೊಳೆಯುತ್ತದೆ. ಇದಕ್ಕೆ ಹೊಂದಿದ ಇನ್ನೊಂದು ಸಂಗತಿಯನ್ನು ಎಲ್ಲ ಪೋಷಕರ ಗಮನಕ್ಕೆ ತರುತ್ತೇನೆ. ಇಪ್ಪತ್ತೊಂದು, ಮೂವತ್ತೊಂದು, ನಲವತ್ತೊಂದು ಎಂದು ಹತ್ತು ಮತ್ತು ಬಿಡಿಗಳನ್ನು ಸ್ಪಷ್ಟವಾಗಿ ತೋರಿಸುವ ಕನ್ನಡದ ಸಂಖ್ಯಾಪದಗಳು ಸ್ಥಾನಬೆಲೆಯ ಕಲಿಕೆಗೆ ದೊಡ್ಡ ಆಸರೆ. ಎಪ್ಪತ್ತು ಮತ್ತು ಎಂಬತ್ತು, ಒಂಬತ್ತು ಮತ್ತು ತೊಂಬತ್ತು, ಈ ಜೋಡಿಗಳಲ್ಲಿ ಮಾತ್ರ ಮಕ್ಕಳು ತಡವರಿಸುತ್ತಾರೆ. ಮನೆಯಲ್ಲಿ ಎಲ್ಲವನ್ನೂ ಸೆವೆಂಟಿ, ಎಯ್ಟಿ ಎಂದು ಹೇಳುವ ರೂಢಿಯಾಗಿದ್ದರೆ, ಕನಿಷ್ಠ ಈ ಮೂರು ವರ್ಷ ಕನ್ನಡದಲ್ಲಿ ಎಣಿಸುವುದು ಮಗುವಿಗೆ ಉಪಕಾರ.

ಪ್ರಶ್ನೆ: ಮಗ್ಗಿಯನ್ನು ಬಾಯಿಪಾಠ ಮಾಡಿಸಬಾರದು ಎಂದು ಕೆಲವರು ಹೇಳುತ್ತಾರೆ. ನಿಜವೇ? (ಗದಗದಿಂದ ಒಬ್ಬ ತಂದೆ)

ಉತ್ತರ: ಬಾಯಿಪಾಠ ಬೇಕು, ಆದರೆ ಅದು ಎರಡನೆಯ ಹೆಜ್ಜೆ. ಸಾಲಿಗೆ ನಾಲ್ಕರಂತೆ ಮೂರು ಸಾಲು ಸಸಿ ನೆಟ್ಟರೆ ಒಟ್ಟು ಎಷ್ಟು ಎಂಬುದನ್ನು ಹುಣಸೆಬೀಜ ಜೋಡಿಸಿ ಕಂಡುಕೊಂಡ ಮಗುವಿಗೆ ‘ನಾಲ್ಕು ಮೂರ್ಲಿ ಹನ್ನೆರಡು’ ಎಂಬ ರಾಗದ ಅರ್ಥ ತಿಳಿಯುತ್ತದೆ. ಹಾಗೆ ಕಟ್ಟಿಕೊಂಡ ಎರಡು, ಐದು, ಹತ್ತರ ಮಗ್ಗಿಗಳನ್ನು ಮೊದಲು ಬಾಯಿಗೆ ತನ್ನಿ, ಏಕೆಂದರೆ ಅವು ಸುಲಭ. ಏಳು ಮತ್ತು ಎಂಟರ ಮಗ್ಗಿಗಳಿಗೆ ಮೂರನೆಯ ತರಗತಿಯಲ್ಲಿ ಅವಸರವಿಲ್ಲ.

ಪ್ರಶ್ನೆ: ಮಗಳು ದಿನವೂ ಶಾಲೆಗೆ ಹೋದ ಕೂಡಲೇ ಗೋಡೆಯ ಮೇಲೆ ಸೂರ್ಯನ ಇಲ್ಲವೇ ಮೋಡದ ಗುರುತು ಹಾಕುತ್ತಾಳಂತೆ. ಪರಿಸರ ಅಧ್ಯಯನ ಎಂದರೆ ಇಷ್ಟೇಯೇ? (ಉತ್ತರ ಕನ್ನಡ ಜಿಲ್ಲೆಯಿಂದ ಒಬ್ಬ ತಾಯಿ)

ಉತ್ತರ: ಅದು ಹವಾಮಾನ ನಕ್ಷೆ. ಮೊದಲ ಅವಧಿಯಲ್ಲಿ ನಿಮ್ಮ ಜಿಲ್ಲೆಯ ಶಾಲೆಗಳ ನಕ್ಷೆಯ ತುಂಬ ಮಳೆಯ ಗುರುತೇ ಇದ್ದಿರುತ್ತದೆ, ಈ ಅವಧಿಯಲ್ಲಿ ಅದು ಮೋಡಕ್ಕೆ, ಇಬ್ಬನಿಗೆ, ಬಿಸಿಲಿಗೆ ತಿರುಗುತ್ತದೆ. ತಿಂಗಳ ಕೊನೆಯಲ್ಲಿ ಶಿಕ್ಷಕರು ‘ಎಷ್ಟು ದಿನ ಬಿಸಿಲಿತ್ತು, ಎಷ್ಟು ದಿನ ಮೋಡವಿತ್ತು’ ಎಂದು ಎಣಿಸಿ ಹೋಲಿಸಲು ಹೇಳಿದಾಗ ಮಗು ಅರಿಯದೆಯೇ ಮಾಹಿತಿಯನ್ನು ಸಂಗ್ರಹಿಸಿ ವಿಂಗಡಿಸುವುದನ್ನು ಕಲಿಯುತ್ತಿರುತ್ತದೆ. ಇದರ ಜೊತೆಗೆ ಕುಟುಂಬ, ನೀರು, ಆಹಾರ, ಗಿಡಮರ, ಪ್ರಾಣಿಪಕ್ಷಿ, ಸಾರಿಗೆ ಎಂಬ ವಿಷಯಗಳು ಬರುತ್ತವೆ. ಮನೆಯವರು ನೆರವಾಗಲು ಈ ಅವಧಿಯಷ್ಟು ಒಳ್ಳೆಯ ಕಾಲ ಬೇರೆ ಇಲ್ಲ: ಗದ್ದೆ ಕೊಯ್ಲು, ಅಡಿಕೆ ಸುಲಿಯುವುದು, ಮಾಗಿಯಲ್ಲಿ ಎಲೆ ಉದುರುವ ಮರಗಳು, ಸಂಕ್ರಾಂತಿಯ ಹೊತ್ತಿಗೆ ಮಾವಿನ ಮರದಲ್ಲಿ ಕಾಣುವ ಹೂವು. ಮಗಳನ್ನು ಜೊತೆಗೆ ಕರೆದುಕೊಂಡು ಹೋಗಿ, ಅವಳು ಕೇಳುವ ಪ್ರಶ್ನೆಗಳಿಗೆ ಉತ್ತರಿಸಿ. ಮರುದಿನ ತರಗತಿಯಲ್ಲಿ ಹೇಳಲು ಅವಳ ಬಳಿ ವಿಷಯವಿರುತ್ತದೆ.

ಪ್ರಶ್ನೆ: ನಾವು ತಾಂಡಾದವರು. ಪ್ರತಿ ವರ್ಷ ಈ ತಿಂಗಳುಗಳಲ್ಲಿ ಮಂಡ್ಯದ ಕಡೆಗೆ ಕಬ್ಬು ಕಡಿಯಲು ಹೋಗುತ್ತೇವೆ, ಎರಡನೆಯ ತರಗತಿಯ ಮಗನೂ ನಮ್ಮ ಜೊತೆ ಬರುತ್ತಾನೆ. ಮರಳಿ ಬಂದಾಗ ಅವನು ಹಿಂದೆ ಬಿದ್ದಿರುತ್ತಾನೆ. ಏನು ಮಾಡುವುದು? (ವಿಜಯನಗರ ಜಿಲ್ಲೆಯಿಂದ, ಪರಿಚಿತರೊಬ್ಬರ ಮೂಲಕ ಬರೆಸಿದ ಪತ್ರ)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸಾಧ್ಯವಿದ್ದರೆ ಮಗನನ್ನು ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟುಹೋಗುವುದು ಮೊದಲ ದಾರಿ. ವಲಸೆ ಹೋಗುವವರ ಮಕ್ಕಳಿಗಾಗಿ ಋತುಮಾನದ ವಸತಿ ವ್ಯವಸ್ಥೆ ನಿಮ್ಮ ತಾಲ್ಲೂಕಿನಲ್ಲಿ ಈ ವರ್ಷ ಇದೆಯೇ ಎಂದು ಹೊರಡುವ ಮುನ್ನವೇ ಮುಖ್ಯಶಿಕ್ಷಕರಲ್ಲಿ ಅಥವಾ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ.

ಕರೆದುಕೊಂಡೇ ಹೋಗಬೇಕಾದರೆ, ನೀವು ಇರುವ ಸ್ಥಳಕ್ಕೆ ಹತ್ತಿರದ ಸರ್ಕಾರಿ ಶಾಲೆಗೆ ಅವನನ್ನು ಸೇರಿಸಿ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಯಾವ ಶಾಲೆಯೂ ಮಗುವನ್ನು ಸೇರಿಸಿಕೊಳ್ಳಲು ನಿರಾಕರಿಸುವಂತಿಲ್ಲ. ಹೊರಡುವಾಗ ಟೀಚರ್ ಬಳಿ ಒಂದು ಸಣ್ಣ ಚೀಟಿ ಬರೆಸಿಕೊಳ್ಳಿ: ಕನ್ನಡದಲ್ಲಿ ಯಾವ ಮೈಲಿಗಲ್ಲು, ಗಣಿತದಲ್ಲಿ ಯಾವ ಮೈಲಿಗಲ್ಲು. ಮಂಡ್ಯದ ಶಾಲೆಯಲ್ಲಿಯೂ ಇರುವುದು ಇದೇ ಪದ್ಧತಿಯಾದ್ದರಿಂದ, ಅಲ್ಲಿನ ಶಿಕ್ಷಕರಿಗೆ ಆ ಚೀಟಿ ಒಂದೇ ನೋಟಕ್ಕೆ ಅರ್ಥವಾಗುತ್ತದೆ. ಅಲ್ಲಿಂದ ಹಿಂದಿರುಗುವಾಗಲೂ ಹಾಗೆಯೇ ಬರೆಸಿ ತನ್ನಿ. ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಲು ಅವಕಾಶವಿರುವುದು ಈ ಪದ್ಧತಿಯ ಬಹುದೊಡ್ಡ ಗುಣ, ಅದನ್ನು ಬಳಸಿಕೊಳ್ಳುವ ಹಕ್ಕು ಬೇರೆ ಯಾರಿಗಿಂತಲೂ ನಿಮ್ಮ ಮಗನಿಗೆ ಹೆಚ್ಚು. ಮನೆಯಲ್ಲಿ ಲಂಬಾಣಿ ಮಾತನಾಡುವ ಹುಡುಗ ಕನ್ನಡವನ್ನು ಕೇಳುವುದು ಬಹುಪಾಲು ಶಾಲೆಯಲ್ಲಿ ಮಾತ್ರ ಎಂಬುದನ್ನು ಶಿಕ್ಷಕರಿಗೆ ತಿಳಿಸಿ; ಓದಿಗಿಂತ ಮೊದಲು ಕತೆ ಹೇಳುವ, ಮಾತನಾಡಿಸುವ ಚಟುವಟಿಕೆಗಳು ಅವನಿಗೆ ಹೆಚ್ಚು ಬೇಕಾಗುತ್ತವೆ. ನೀವು ಲಂಬಾಣಿಯಲ್ಲಿ ಹಾಡು, ಕತೆ ಹೇಳುವುದನ್ನು ಮುಂದುವರಿಸಿ.

ಪ್ರಶ್ನೆ: ಇಂಗ್ಲಿಷ್ ಕಲಿಕೆ ನಿಧಾನವಾಗಿದೆ. ಒಂದನೆಯ ತರಗತಿಯ ಮಗನಿಗೆ ಇನ್ನೂ ಸ್ಪೆಲ್ಲಿಂಗ್ ಬರುವುದಿಲ್ಲ. (ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಒಬ್ಬ ತಂದೆ)

ಉತ್ತರ: ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸುವುದು 2007-08ರಿಂದ ನಡೆದುಬಂದಿದೆ. ಈ ಹಂತದಲ್ಲಿ ಉದ್ದೇಶವಿರುವುದು ಕೇಳಿಸಿಕೊಳ್ಳುವುದು, ಹಾಡುವುದು, ಸಣ್ಣ ಸೂಚನೆಗಳನ್ನು ಅನುಸರಿಸುವುದು, ಹೆಸರು ಹೇಳಿ ವಸ್ತುಗಳನ್ನು ತೋರಿಸುವುದು. ಕನ್ನಡದಲ್ಲಿ ಓದಲು ಕಲಿತ ಮಗು ‘ಅಕ್ಷರ ಕೂಡಿದರೆ ಪದವಾಗುತ್ತದೆ’ ಎಂಬ ತಿಳಿವನ್ನು ಇಂಗ್ಲಿಷಿಗೂ ಕೊಂಡೊಯ್ಯುತ್ತದೆ. ನಿಮ್ಮ ಮಗ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕೇಳಿ ಬಾಗಿಲು ಮುಚ್ಚುತ್ತಾನೆಯೇ, ಪುಸ್ತಕ ತಂದುಕೊಡುತ್ತಾನೆಯೇ ಎಂದು ನೋಡಿ. ಸ್ಪೆಲ್ಲಿಂಗಿಗೆ ಇನ್ನೂ ಸಮಯವಿದೆ.

ಪ್ರಶ್ನೆ: ನನಗೆ ಓದು ಬರುವುದಿಲ್ಲ, ಈ ಪತ್ರವನ್ನು ಪಕ್ಕದ ಮನೆಯ ಹುಡುಗಿ ಬರೆಯುತ್ತಿದ್ದಾಳೆ. ಮೂರನೆಯ ತರಗತಿಯ ಮಗಳು ಮುಂದಿನ ವರ್ಷ ನಾಲ್ಕಕ್ಕೆ ಹೋಗುತ್ತಾಳೆ. ಅವಳಿಗೆ ಬರುತ್ತದೋ ಇಲ್ಲವೋ ನಾನು ತಿಳಿಯುವುದು ಹೇಗೆ? ಶಾಲೆಯಲ್ಲಿ ಅಂಕ ಕೊಡುವುದಿಲ್ಲ. (ರಾಯಚೂರು ಜಿಲ್ಲೆಯಿಂದ ಒಬ್ಬ ತಾಯಿ)

ಉತ್ತರ: ತಾಯಿ, ನೀವು ಚೆನ್ನಾಗಿಯೇ ತಿಳಿಯಬಲ್ಲಿರಿ. ಮಗಳು ಈವರೆಗೆ ನೋಡದ ಒಂದು ಕತೆಯ ಪುಸ್ತಕವನ್ನು ಶಾಲೆಯ ಓದುವ ಮೂಲೆಯಿಂದ ತರಿಸಿ, ಅವಳು ಗಟ್ಟಿಯಾಗಿ ಓದಲಿ. ಓದುವುದು ಮಾತಿನಂತೆ ಕೇಳುತ್ತಿದೆಯೇ, ಇಲ್ಲವೇ ಅಕ್ಷರ ಅಕ್ಷರವಾಗಿ ತುಂಡಾಗಿ ಬರುತ್ತಿದೆಯೇ ಎಂಬುದು ನಿಮ್ಮ ಕಿವಿಗೆ ಗೊತ್ತಾಗುತ್ತದೆ. ಆಮೇಲೆ ಪುಸ್ತಕ ಮುಚ್ಚಿಸಿ ‘ಏನಾಯಿತು, ಅವನು ಯಾಕೆ ಹಾಗೆ ಮಾಡಿದ’ ಎಂದು ಕೇಳಿ. ಕಾರಣವನ್ನು ತನ್ನ ಮಾತಿನಲ್ಲಿ ಹೇಳಿದರೆ ಅವಳು ಅರ್ಥ ಮಾಡಿಕೊಂಡು ಓದಿದ್ದಾಳೆ. ಲೆಕ್ಕಕ್ಕೆ, ಅಂಗಡಿಗೆ ನೂರು ರೂಪಾಯಿ ಕೊಟ್ಟು ಕಳುಹಿಸಿ, ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು ಎಂದು ಕೇಳಿ. ಆ ಲೆಕ್ಕ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಾಲ್ಕನೆಯ ತರಗತಿಯಲ್ಲಿ ಕಾರ್ಡುಗಳು ಹೋಗಿ ವಿಷಯಕ್ಕೊಂದು ಪಠ್ಯಪುಸ್ತಕ ಬರುತ್ತದೆ, ಎಲ್ಲರೂ ಒಂದೇ ಪಾಠವನ್ನು ಒಟ್ಟಿಗೆ ಓದುತ್ತಾರೆ. ಅಲ್ಲಿ ಪರಿಸರ ಅಧ್ಯಯನವನ್ನಾಗಲಿ ಗಣಿತದ ಮಾತಿನ ಲೆಕ್ಕಗಳನ್ನಾಗಲಿ ಕಲಿಯಬೇಕಾದರೆ ಕನ್ನಡವನ್ನು ತಾನೇ ಓದಿ ತಿಳಿಯಬೇಕು. ಅದಕ್ಕಾಗಿಯೇ ಮೂರನೆಯ ತರಗತಿಯ ಈ ಅವಧಿ ಇಷ್ಟು ಮುಖ್ಯ. ಅಂಕಗಳ ಬಗ್ಗೆ ಹೇಳುವುದಾದರೆ, ಪ್ರತಿ ಮೈಲಿಗಲ್ಲಿನ ಕೊನೆಯಲ್ಲಿ ಮೌಲ್ಯಮಾಪನದ ಕಾರ್ಡು ಇರುತ್ತದೆ, ಅದನ್ನು ಮುಗಿಸಿದ ಮೇಲೆ ಶಿಕ್ಷಕರು ಗೋಡೆಯ ‘ಪ್ರಗತಿ ನೋಟ’ದಲ್ಲಿ ಗುರುತು ಹಾಕುತ್ತಾರೆ. ಮಕ್ಕಳ ಕಲಿಕೆಯನ್ನು ಪೋಷಕರಿಗೆ ತೋರಿಸುವ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮಕ್ಕೆ ಕರೆದಾಗ ಕೂಲಿ ಬಿಟ್ಟು ಹೋಗುವುದು ಕಷ್ಟವೆಂದು ಬಲ್ಲೆ, ಆದರೂ ಈ ವರ್ಷ ತಪ್ಪಿಸಬೇಡಿ. ಪ್ರಗತಿ ನೋಟದಲ್ಲಿ ಮಗಳ ಸಾಲನ್ನು ತೋರಿಸುವಂತೆ ಶಿಕ್ಷಕರನ್ನು ಕೇಳಿ, ದಸರೆಗೆ ಮುಂಚೆ ಅವಳು ಎಲ್ಲಿದ್ದಳು, ಈಗ ಎಲ್ಲಿದ್ದಾಳೆ ಎಂದು ವಿಚಾರಿಸಿ. ಓದುವಾಗ ತುಂಡು ತುಂಡಾಗಿ ಕೇಳಿದ್ದರೆ ಅದನ್ನೂ ಹೇಳಿ. ಏಪ್ರಿಲ್‌ನ ಬೇಸಿಗೆ ರಜೆಗೆ ಇನ್ನೂ ತಿಂಗಳುಗಳಿರುವಾಗಲೇ ಹೇಳಿದರೆ, ಅವಳನ್ನು ಮತ್ತೆ ಒಂದನೆಯ ತಟ್ಟೆಯಲ್ಲಿ ತಮ್ಮ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಲು ಶಿಕ್ಷಕರಿಗೆ ಸಮಯ ಸಿಗುತ್ತದೆ.